ಗೇಣಷ್ಟು ಎತ್ತರ

ಹತ್ತುವಾಗ ಚೀಲ ಖಾಲಿ. ಇಳಿಯುವಾಗ ಅದೇ ಚೀಲ ಅವನ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿತ್ತು.

ಚಹಾದಂಗಡಿಯ ಕಿಟಕಿಯಿಂದ ಅಟ್ರಾಕ್ಟಾ ಡರ್ಕನ್ ಇದನ್ನು ಕಂಡದ್ದು ಸತತ ಐದನೆಯ ದಿನ. ಅಟ್ರಾಕ್ಟಾಳ ಕಣ್ಣೆಂದರೆ ಸಾಮಾನ್ಯ ಕಣ್ಣಲ್ಲ. ಮೂರು ಮೈಲಿಯಾಚೆ ಮಂಜಿನೊಳಗೆ ಕುರಿ ಸೀನಿದರೆ, ಅದು ಯಾರ ಮನೆಯ ಕುರಿ, ಎಂದಿನಿಂದ ನೆಗಡಿ ಎಂದು ಹೇಳುವ ಕಣ್ಣು.

"ಫೆಸ್ಟಿ, ಆ ಬೋಳುತಲೆಯವನು ನಮ್ ಬೆಟ್ಟದಿಂದ ಏನೋ ಹೊತ್ಕೊಂಡ್ ಹೋಗ್ತಿದಾನೆ ಕಣೋ."

ಫೆಸ್ಟಿ ಗಾಹನ್ ಆ ಬೆಟ್ಟದಲ್ಲಿ ಕುರಿ ಮೇಯಿಸುವವನು. ಐವತ್ತು ದಾಟಿದ ಬ್ರಹ್ಮಚಾರಿ. ಬೆಣ್ಣೆ ಮೆತ್ತಿದ ಎಂಟನೆಯ ಬ್ರೆಡ್ ತುಂಡಿಗೆ ಬಾಯಿ ಹಾಕಿದ್ದ. "ಅಲ್ಲೇನಿದೆ ಹೊರೋಕೆ? ಗಾಳಿ, ಕುರಿ ಹಿಕ್ಕೆ."

"ಕಲ್ಲು."

ಬ್ರೆಡ್ಡು ಅರ್ಧ ಗಂಟಲಲ್ಲಿ ನಿಂತಿತು.

ನಿಲ್ಲದೆ ಏನು ಮಾಡೀತು? ನಾಕ್‌ಶೀ ಬೆಟ್ಟ ಇಡೀ ಕೌಂಟಿಗೇ ಎತ್ತರದ್ದು. ಕಣಿವೆಯಾಚೆಯ ಮುಲ್ಲಾನೋರ್ ಬೆಟ್ಟಕ್ಕಿಂತ ಒಂದು ಗೇಣು ಹೆಚ್ಚು. ಬರಿಯ ಒಂದು ಗೇಣು! ಆ ಗೇಣಿಗಾಗಿ ಡಬ್ಲಿನ್ನಿನಿಂದ ಜನ ಬಸ್ಸುಗಟ್ಟಲೆ ಬರುತ್ತಿದ್ದರು, ಅಟ್ರಾಕ್ಟಾಳ ಅಂಗಡಿಯಲ್ಲಿ ಒದ್ದೆ ಸಾಕ್ಸ್ ಒಣಗಿಸಿಕೊಂಡು ಲೋಟಗಟ್ಟಲೆ ಚಹಾ ಕುಡಿಯುತ್ತಿದ್ದರು. ಮುಲ್ಲಾನೋರಿನ ಕಡೆಯ ಅಂಗಡಿಗೆ ಹೋಗುತ್ತಿದ್ದದ್ದು ದಾರಿ ತಪ್ಪಿದವರು ಮಾತ್ರ. ಆ ಭಾನುವಾರ, ಬೆಟ್ಟ ಹತ್ತುವವರ ಸಂಘದವರು ಎರಡೂ ಬೆಟ್ಟಗಳನ್ನು ಹೊಸದಾಗಿ ಅಳೆಯಲಿದ್ದರು. ತುದಿಯಲ್ಲಿ ಕಾಲೂರಲು ಸಿಗುವ ಅತಿ ಎತ್ತರದ ಕಲ್ಲಿನಿಂದ ಅಳೆಯುವುದು ಅವರ ನಿಯಮ. ಗೇಣು ಹೋದರೆ ಬಸ್ಸು ಹೋಯಿತು, ಬಸ್ಸು ಹೋದರೆ ಅಂಗಡಿಗೆ ಬೀಗ.

ನಾಕ್‌ಶೀಯಲ್ಲೊಂದು ಪದ್ಧತಿಯಿತ್ತು. ಹತ್ತುವವರೆಲ್ಲ ಬುಡದ ಗೇಟಿನ ಬಳಿಯ ರಾಶಿಯಿಂದ ಒಂದು ಕಲ್ಲು ಹೊತ್ತು, ತುದಿಯ ಗುಪ್ಪೆಗೆ ಸೇರಿಸಿ, ಮನಸ್ಸಿನಲ್ಲೊಂದು ಹರಕೆ ಹೇಳಿಕೊಳ್ಳಬೇಕು. ಇದು ಸಂತರ ಕಾಲದ್ದೆಂದು ಅಟ್ರಾಕ್ಟಾ ಎಲ್ಲರಿಗೂ ಹೇಳುತ್ತಿದ್ದಳು. ರಾಶಿ ಕರಗಿದಂತೆಲ್ಲ ಫೆಸ್ಟಿ ತನ್ನ ನಾಲ್ಕು ಗಾಲಿಯ ಬೈಕಿಗೆ ಗಾಡಿ ಕಟ್ಟಿ ಮತ್ತಷ್ಟು ತಂದು ಸುರಿಯುತ್ತಿದ್ದ. ಐರ್ಲೆಂಡಿನಲ್ಲಿ ಕಲ್ಲಿಗೇನು ಬರ!

"ಗಾರ್ಡ್‌ಗೆ ಫೋನ್ ಮಾಡ್ಲಾ?" ಎಂದ ಫೆಸ್ಟಿ.

"ಪೊಲೀಸ್ನೋರು ಬಂದ್ರೆ ನೂರೆಂಟು ಪ್ರಶ್ನೆ ಕೇಳ್ತಾರೆ, ಬೇಡ. ಕಳ್ಳನ್ನ ಹೆಂಗ್ ಹಿಡೀಬೇಕು ಅಂತ ನಂಗೆ ಗೊತ್ತು."

ಶನಿವಾರ ಬೆಳಗ್ಗೆ ಇಬ್ಬರೂ ಅವನಿಗಿಂತ ಮೊದಲೇ ಹತ್ತಿದರು. ಅಟ್ರಾಕ್ಟಾ ಈ ಬೆಟ್ಟ ಹತ್ತಿ ಹನ್ನೆರಡು ವರ್ಷವಾಗಿತ್ತು. ಕೆಸರು ಅವಳ ಒಂದು ಬೂಟು ನುಂಗಿತು. ಅವಳು ಬೈದ ಬೈಗುಳಕ್ಕೆ ಹೆದರಿ ವಾಪಸ್ ಉಗುಳಿತು. ಜಲಪಾತದ ಬಳಿ ಗಾಳಿ ಎಷ್ಟು ಜೋರಿತ್ತೆಂದರೆ, ನೀರು ಕೆಳಗೆ ಬೀಳುವುದನ್ನು ಬಿಟ್ಟು ಮೇಲಕ್ಕೆ ಹಾರಿ ಇವರ ಮುಖಕ್ಕೇ ರಾಚುತ್ತಿತ್ತು.

"ಉಸಿರು ಇದ್ಯಾ, ಅಟ್ರಾಕ್ಟಾ?"

"ನಿನ್ನ ಹೂಳೋಷ್ಟಿದೆ. ನಡಿ ಮುಂದೆ."

ಗುಪ್ಪೆಯ ಹಿಂದೆ ಅವಿತು ಕುಳಿತರು. ಬೋಳುತಲೆಯವನು ಬಂದ. ಅವಸರವಿಲ್ಲ, ಅಳುಕಿಲ್ಲ. ಒಂದು ಕಲ್ಲು ಎತ್ತಿದ, ಮಗುಚಿ ನೋಡಿದ, ಚೀಲಕ್ಕೆ ಹಾಕಿದ. ಇನ್ನೊಂದನ್ನೂ ಮಗುಚಿ ನೋಡಿದ. ಅದನ್ನು ಇದ್ದಲ್ಲೇ ಇಟ್ಟ.

"ಆರಿಸ್ತಿದಾನೆ," ಫೆಸ್ಟಿ ಪಿಸುಗುಟ್ಟಿದ. "ಚಿನ್ನ ಗಿನ್ನ ಇದ್ಯೇನೇ?"

ಅಟ್ರಾಕ್ಟಾ ಆಗಲೇ ಎದ್ದು ನಿಂತಿದ್ದಳು. "ಏಯ್! ಕಲ್ಲು ಕೆಳಗಿಡು! ಯಾರೋ ನಿನ್ನ ಕಳಿಸಿದ್ದು? ಮುಲ್ಲಾನೋರಿನೋರಾ?"

"ಹೌದು ಅಕ್ಕಾವ್ರೇ," ಎಂದು ಅವನು ಟೋಪಿ ತೆಗೆದ. "ಕೋಲ್ಮನ್ ಅಂತ. ಈಸ್ಟರ್‌ನಲ್ಲಿ ಆ ಊರಿಗೆ ಅಳಿಯ ಆದೆ. ಮಾವ ಒಪ್ಪಿಸಿದ ಮೊದಲ್ನೇ ಕೆಲ್ಸವೇ ಇದು."

"ನಾಚ್ಕೆ ಆಗಲ್ವಾ? ನಮ್ ಬೆಟ್ಟ ಗಿಡ್ಡ ಮಾಡೋಕೆ ಹಗಲು ಹೊತ್ತೇ ಕಳ್ತನ!"

ಕೋಲ್ಮನ್ ಚೀಲವನ್ನು ಬೋರಲು ಹಾಕಿ, ಬಿದ್ದ ಕಲ್ಲುಗಳನ್ನು ಒಂದೊಂದಾಗಿ ಮಗುಚಿಟ್ಟ. ಪ್ರತಿಯೊಂದರ ಅಡಿಯಲ್ಲೂ ಹೆಬ್ಬೆರಳಗಲದ ನೀಲಿ ಬಣ್ಣ.

ಬೇಲಿಯಿಲ್ಲದ ಆ ಬೆಟ್ಟಗಳಲ್ಲಿ ಕುರಿಯ ಒಡೆಯ ಯಾರೆಂದು ಹೇಳುವುದು ಅದರ ಬೆನ್ನಿಗೆ ಬಳಿದ ಬಣ್ಣ. ಮುಲ್ಲಾನೋರಿನವರದು ನೀಲಿ. ಆಚೆಯ ಬಣ್ಣ ಈಚೆ ಕಂಡರೆ ಒಡೆಯ ಬಂದು ಹೊಡೆದುಕೊಂಡು ಹೋಗುತ್ತಾನೆ; ತಡೆಯಲು ಪಾದ್ರಿಗೂ ಅಧಿಕಾರವಿಲ್ಲ, ಬಿಷಪ್ಪನಿಗೂ ಇಲ್ಲ.

"ಮೂರು ವರ್ಷದಿಂದ ನಮ್ ತುದಿ ತಗ್ಗುತ್ತಾ ಬಂತು ಅಕ್ಕಾವ್ರೇ," ಎಂದ ಕೋಲ್ಮನ್. "ಮಾವಂಗೆ ಅನುಮಾನ ಬಂತು. ಚಳಿಗಾಲದಲ್ಲಿ ಕೂತು, ತುದೀಲಿದ್ದ ಕಲ್ಲಿಗೆಲ್ಲ ಕುರಿಗೆ ಬಳ್ಯೋ ಹಾಗೆ ಬಣ್ಣ ಬಳ್ದ್ರು. ಕುರಿ ದಾರಿ ತಪ್ಪಿ ಬಂತು ಅಂದ್ರೆ ನಂಬ್ಬಹುದು. ಕಲ್ಲು ಕಣಿವೆ ಇಳ್ದು, ಹೊಳೆ ದಾಟಿ, ನಿಮ್ ಗೇಟಿನ್ ಹತ್ರ ಬಂದು ಕೂತ್ಕೊಳ್ಳತ್ತಾ?"

ಕೋಲ್ಮನ್ ಕಲ್ಲುಗಳನ್ನು ಮತ್ತೆ ಚೀಲಕ್ಕೆ ತುಂಬತೊಡಗಿದ.

"ಇನ್ನೂ ಇನ್ನೂರು ಕಲ್ಲು ಇರ್ಬೇಕು. ಕಾಯಿಸಲ್ಲ ನಿಮ್ಮನ್ನ. ನಾಳೆ ಅಳತೆಯೋರು ಬರೋಷ್ಟರಲ್ಲಿ ಎಲ್ಲಾ ಮನೆ ಸೇರುತ್ವೆ." ಅವನು ಕೆಳಗೆ ಕೈ ತೋರಿದ. ಜಲಪಾತದ ಪಕ್ಕದ ದಾರಿಯಲ್ಲಿ ಹದಿನಾಲ್ಕು ಜನ ಭಾವಮೈದುನರು ಖಾಲಿ ಚೀಲ ಹೆಗಲಿಗೇರಿಸಿಕೊಂಡು ಸಾಲಾಗಿ ಹತ್ತಿ ಬರುತ್ತಿದ್ದರು.

ಅಟ್ರಾಕ್ಟಾ ಕೋಲ್ಮನ್‌ನತ್ತ ನೋಡಲಿಲ್ಲ. ಫೆಸ್ಟಿಯ ಕಡೆ ತಿರುಗಿದಳು.

"ಕತ್ತೆ, ಗಾಡಿಗೆ ತುಂಬೋ ಮುಂಚೆ ಒಂದನ್ನಾದ್ರೂ ಮಗುಚಿ ನೋಡ್ಬಾರ್ದಿತ್ತಾ?"