ಹಿಂದಿನ ಕೋಣೆಯ ವ್ಯವಹಾರ

ಜೀವಮಾನವಿಡೀ ಬರೀ ಬೂದು ಪಟ್ಟೆಗಳನ್ನೇ ಬರೆದು ಯುರೋಪಿನಲ್ಲೆಲ್ಲ ಹೆಸರಾದ ಚಿತ್ರಕಾರ ಯೋರಿಸ್ ಈಚೆಗೆ ಸ್ಟುಡಿಯೋದ ಹಿಂದಿನ ಕೋಣೆಗೆ ಬೀಗ ಹಾಕತೊಡಗಿದ್ದ. ಹೆಂಡತಿ ಮಾರ್ಗ್ರೀತ್ ಒಂದು ದಿನ ಅವನೆದುರು ಕೈಚಾಚಿ ನಿಂತಳು.

“ಬೀಗದ ಕೈ ಕೊಡು.”

“ಬೇಡ. ನೋಡಿದ್ರೆ ನಿಂಗೇ ನೋವಾಗುತ್ತೆ.”

“ಎಷ್ಟು ದಿನದಿಂದ ನಡೀತಿದೆ ಇದು?”

“ಎರಡು ವರ್ಷ ಆಯ್ತು. ಬಿಡೋಕೆ ನೋಡಿದೆ, ಆಗಲಿಲ್ಲ.”

ಅವಳೇ ಅವನ ಜೇಬಿಗೆ ಕೈಹಾಕಿ ಕೀ ತೆಗೆದು ಬಾಗಿಲು ತೆರೆದಳು. ಒಳಗೆ ಯಾವ ಹೆಣ್ಣೂ ಇರಲಿಲ್ಲ. ಸ್ಟ್ಯಾಂಡಿನ ಮೇಲೆ ಯೋರಿಸ್ ಬರೆದ, ಬಣ್ಣ ಇನ್ನೂ ಆರದ ಒಂದು ಚಿತ್ರವಿತ್ತು: ತಟ್ಟೆಯಲ್ಲಿಟ್ಟ ದ್ರಾಕ್ಷಿ ಗೊಂಚಲು, ಕಿತ್ತು ಬಾಯಿಗೆ ಹಾಕಿಕೊಳ್ಳಬೇಕು ಎನ್ನಿಸುವಂತಿತ್ತು.

ಮಾರ್ಗ್ರೀತ್ ಗಡಬಡಿಸಿ ಕಿಟಕಿಯ ಪರದೆ ಎಳೆದು, ಕುರ್ಚಿಯಲ್ಲಿ ಕುಸಿದಳು.

“ಇದನ್ನ ಯಾರ ಮುಂದೆ ಹೇಳ್ಕೊಳ್ಳಲಿ? ಯಾವಳನ್ನಾದ್ರೂ ಇಟ್ಕೊಂಡಿದ್ರೆ ನಿನ್ನ ಜೀವನಚರಿತ್ರೇಲಿ ಒಂದು ಅಧ್ಯಾಯ ಆದ್ರೂ ಆಗ್ತಿತ್ತು.”