ಕೋಟೆಯೊಳಗಿನ ಹುಡುಗಿ

ನೂಲಿನ ಗಂಜಿ ವಾಸನೆ ಬಂದರೆ ಇವತ್ತಿಗೂ ನನ್ನ ಬಲಗೈ ತಾನಾಗಿಯೇ ತಿರುಗುತ್ತದೆ.

ಸೇಲಂನ ನಮ್ಮ ಮಗ್ಗದ ಮನೆಯಲ್ಲಿ ಮಧ್ಯಾಹ್ನವೆಲ್ಲ ನಾನು ಗೋಡೆಗೆ ಮುಖ ಮಾಡಿ ಕೂತು, ರಾಟೆ ತಿರುಗಿಸಿ ನೂಲು ಸುತ್ತುತ್ತಿದ್ದೆ. ಅಣ್ಣ ನನ್ನ ಬೆನ್ನ ಹಿಂದೆ ಫೋನಿನಲ್ಲಿ ಗೇಮ್ ಆಡುತ್ತಾ ಅದರ ಕತೆ ಹೇಳುತ್ತಿದ್ದ. ಕೋಟೆಯೊಳಗೆ ಒಬ್ಬ ಹುಡುಗಿ ಸಿಕ್ಕಿಕೊಂಡಿದ್ದಳಂತೆ.

“ಇನ್ನೂ ಒಂದು ಬಾಗ್ಲು ಐತೆ. ನೀನು ಸೀಕ್ರಂ ಸುತ್ತು ಲೇ, ಬೇಗ ಬೇಗ, ನಾನು ತೆಗೀತೀನಿ.”

ಆ ಹುಡುಗಿ ಹೊರಗೆ ಬರಲೆಂದು ಬೆರಳು ಉರಿದರೂ ಸುತ್ತುತ್ತಿದ್ದೆ. ಒಂದು ದಿನ ನೂಲು ಕಡಿಯಿತು. ಗಂಟು ಹಾಕದೆ ಹಿಂದಿರುಗಿ ನೋಡಿದೆ. ಫೋನಿನಲ್ಲಿ ಸದ್ದಿಲ್ಲದೆ ಬರೀ ಕಾರುಗಳು ಓಡುತ್ತಿದ್ದವು.

“ಹುಡುಗಿ ಎಲ್ಲಿ?” ಎಂದೆ. ಅಣ್ಣ ಅಮ್ಮನ ಕಡೆ ನೋಡಿದ.

ಅಮ್ಮ ಮಗ್ಗದಿಂದ ತಲೆ ಎತ್ತದೆ ಅವನನ್ನೇ ಗದರಿದಳು: “ಕತೆ ಯಾಕ್ಲಾ ನಿಲ್ಲಿಸ್ದೆ? ಅವ್ಳ ಕೈ ನಿಂತೋಯ್ತು ನೋಡು.”