ಗಾಜಿನ ಬಿಲ್ಲೆಯ ಪೂಜೆ

“ರೇಣು ಮೇಡಂ, ನೀವು ಒಂಚೂರು ಹಿಂದ ನಿಲ್ರಿ. ಪೂಜಾ ಆಗ್ಲಿ,” ಎಂದರು ನಿರ್ದೇಶಕ ಸಿದ್ದಲಿಂಗಪ್ಪ.

ರೇಣು ಹಿಂದೆ ಸರಿದಳು. ಮೇಜಿನ ಮೇಲಿದ್ದ ಬೆರಳುದ್ದದ ಗಾಜಿನ ಬಿಲ್ಲೆ ಅವಳದೇ ಕೈಕೆಲಸ. ಅದರೊಳಗೆ ಕೂದಲೆಳೆಯಂಥ ಕಾಲುವೆಗಳು. ಒಂದು ತುದಿಗೆ ಜೀವಕೋಶಗಳನ್ನು ಬಿಟ್ಟರೆ, ಅವು ಹೊರಹಾಕುವ ರಾಸಾಯನಿಕ ಸಂದೇಶವನ್ನು ಇನ್ನೊಂದು ತುದಿಯ ದ್ರವ ಹಿಡಿದು, ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯಬೇಕು. ಆ ಹೊಳಪನ್ನು ಅಳೆದರೆ ಕೋಶದೊಳಗೇನು ನಡೆದಿದೆಯೆಂದು ತಿಳಿಯುತ್ತದೆ. ಇವತ್ತು ಅನುದಾನ ಕೊಡುವ ದಿಲ್ಲಿಯ ಸಾಹೇಬರು ನೋಡಿ ಮೆಚ್ಚಿದರೆ ಅವಳ ಕೆಲಸ ಮುಂದುವರಿಯುತ್ತದೆ. ಇಲ್ಲವಾದರೆ ಕೋಣೆಗೆ ಬೀಗ.

ಆದರೆ ಪುಣೆಯ ಆ ಪ್ರಯೋಗಶಾಲೆಯಲ್ಲಿ ಯಾವ ಹೊಸ ಯಂತ್ರಕ್ಕೂ ಮೊದಲು ಮುತ್ತೈದೆಯ ಕೈ ತಾಗಬೇಕು. ರೇಣುವಿನ ಗಂಡ ತೀರಿಕೊಂಡು ವರ್ಷವಾಗಿತ್ತು. ಹಾಗಾಗಿ ನಿರ್ದೇಶಕರ ಹೆಂಡತಿ ಮಾಧುರಿ ಧನಕವಡಿಯ ಮನೆಯಿಂದ ಆರತಿ ತಟ್ಟೆ ಹೊತ್ತು ಬಂದಿದ್ದರು. ಕಲಸಿದ ಅರಿಶಿಣವನ್ನು ಬಿಲ್ಲೆಗೆ ಧಾರಾಳವಾಗಿ ಬಳಿದರು. ನಿರ್ದೇಶಕರೂ ಸಾಹೇಬರೂ ಭಕ್ತಿಯಿಂದ ಒಂದೊಂದು ಬೊಟ್ಟಿಟ್ಟರು.

“ತಪ್ಪು ತಿಳೀಬ್ಯಾಡ್ರಿ ರೇಣು, ನಾ ಇದನ್ನೆಲ್ಲಾ ನಂಬೂದಿಲ್ಲ. ಇವರದ ಹಟ,” ಎಂದರು ಮಾಧುರಿ, ಸೆರಗು ಅವಳಿಗೆ ತಾಗದಂತೆ ಎಳೆದುಕೊಂಡು.

ಕೋಣೆಯ ದೀಪ ಆರಿಸಿ ನೀಲಿ ಬೆಳಕು ಹಾಕಿದರು. ಬಿಲ್ಲೆ ಹಸಿರಾಗಿ ಝಗ್ಗೆಂದಿತು.

“ಅರೇ ವಾ!” ಸಾಹೇಬರು ಚಪ್ಪಾಳೆ ತಟ್ಟಿದರು.

“ನೋಡಿದ್ಯಾ ಮಾಧುರಿ, ನಿನ್ನ ಕೈಗುಣ! ಕೋಶಗಳು ಹೆಂಗ ಮಾತಾಡಾಕತ್ತಾವ!” ಎಂದರು ಸಿದ್ದಲಿಂಗಪ್ಪ.

“ಸರ್, ಕೋಶ ಇನ್ನೂ ಹಾಕೇ ಇಲ್ರಿ,” ಎಂದಳು ರೇಣು.

“ಶ್! ಬೆಳಕು ಬಂತಿಲ್ಲೋ? ಸುಮ್ನಿರ್ರಿ.”

ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ. ಸುಮ್ಮನಿರುವುದು ಈ ಒಂದು ವರ್ಷದಲ್ಲಿ ಅವಳಿಗೆ ಚೆನ್ನಾಗಿ ರೂಢಿಯೂ ಆಗಿತ್ತು.

ಅಷ್ಟರಲ್ಲಿ ಮಾಧುರಿ ಚೀರಿದರು. “ಅಯ್ಯ ಶಿವನ! ನನ್ನ ಬೆರಳೂ ಹೊಳ್ಯಾಕತ್ತಾವಲ್ರೀ! ನಿಮ್ಮವೂ!”

ಕತ್ತಲಲ್ಲಿ ಮಾಧುರಿಯ ಗಲ್ಲ, ಸಿದ್ದಲಿಂಗಪ್ಪನವರ ಬೆರಳು, ಮೂಗಿನ ತುದಿ, ಎಲ್ಲ ಹಸಿರು. ನೀಲಿ ಬೆಳಕಿಗೆ ಅರಿಶಿಣ ಹೊಳೆಯದೆ ಇದ್ದೀತೆ? ಸಾಹೇಬರು ತಮ್ಮ ಕೈಯನ್ನೇ ನೋಡಿಕೊಂಡು ಚಪ್ಪಾಳೆ ನಿಲ್ಲಿಸಿದರು.

“ಈಗ ಏನ್ ಮಾಡೋದ್ರೀ ಮೇಡಂ?” ಸಿದ್ದಲಿಂಗಪ್ಪನವರ ದನಿ ಪಾತಾಳಕ್ಕಿಳಿದಿತ್ತು.

ರೇಣು ಕಪಾಟಿನಿಂದ ಇನ್ನೊಂದು ಬಿಲ್ಲೆ ತೆಗೆದಳು. ನೀಲಿ ಬೆಳಕಿನಲ್ಲಿ ಅವಳ ಕೈಗಳು ಮಾತ್ರ ಕಪ್ಪಗಿದ್ದವು. ಅಭ್ಯಾಸಬಲದಿಂದ ಮಾಧುರಿ ಮತ್ತೆ ತಟ್ಟೆ ಎತ್ತಿಕೊಂಡು ಮುಂದೆ ಬಂದರು.

“ನೀವು ಒಂಚೂರು ಹಿಂದ ನಿಲ್ರಿ,” ಎಂದಳು ರೇಣು. “ಇದಕ್ಕ ಅರಿಶಿಣ ಮುಟ್ಟದ ಕೈನೇ ಬೇಕು.”